ಹೊಸದಾಗಿ ಓಡುವವರಿಗೂ ಪಳಗಿದ ಓಟಗಾರರಿಗೂ ಓಟದ ಭಂಗಿಯಲ್ಲಿ ಏನು ವ್ಯತ್ಯಾಸ?

ಮೊದಲು ನೋಡಬೇಕಾದ್ದು ಪಾದ ಎಲ್ಲಿ ಊರುತ್ತದೆ ಎಂಬುದನ್ನು. ವೇಗ ಬೇಕೆಂದಾಗ ಹೊಸಬರು ಕಾಲನ್ನು ಮುಂದಕ್ಕೆ ಚಾಚುತ್ತಾರೆ. ಪಾದ ಸೊಂಟಕ್ಕಿಂತ ಬಹಳ ಮುಂದೆ, ಮಂಡಿ ಹೆಚ್ಚುಕಡಿಮೆ ನೆಟ್ಟಗಿರುವಾಗಲೇ ನೆಲ ಮುಟ್ಟುತ್ತದೆ. ಹೀಗಾದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆ. ಮಂಡಿಯ ಮೇಲೆ ಹೊರೆ ಹೆಚ್ಚುತ್ತದೆ. ಪಳಗಿದವರ ಪಾದ ಸಾಮಾನ್ಯವಾಗಿ ದೇಹಕ್ಕೆ ಹತ್ತಿರ, ಮಂಡಿ ತುಸು ಬಾಗಿರುವಾಗ ಊರುತ್ತದೆ, ಬೇಗ ಮೇಲೇಳುತ್ತದೆ. ಮೈ ಕುಪ್ಪಳಿಸುವುದೂ ಕಡಿಮೆ. ದಣಿದ ಮೇಲೆ ಅಂತರ ಇನ್ನೂ ಎದ್ದು ಕಾಣುತ್ತದೆ: ಹೊಸಬರ ಬೆನ್ನು ಮುಂದಕ್ಕೆ ಬಾಗತೊಡಗುತ್ತದೆ.

ಹಿಮ್ಮಡಿ ಮೊದಲು ಊರಿದರೆ ತಪ್ಪು ಎಂಬ ಮಾತಿಗೆ ಅಷ್ಟು ಬೆಲೆ ಕೊಡಬೇಡಿ. ಜಪಾನಿನ ಸಪ್ಪೊರೊ ಹಾಫ್ ಮ್ಯಾರಥಾನ್‌ನಲ್ಲಿ 15ನೇ ಕಿ.ಮೀ. ಬಳಿ ಚಿತ್ರೀಕರಿಸಿದ 283 ಓಟಗಾರರಲ್ಲಿ ಸುಮಾರು 75% ಮಂದಿ ಹಿಮ್ಮಡಿಯನ್ನೇ ಮೊದಲು ಊರಿದ್ದರು. ಅವರೇನೂ ಹೊಸಬರಲ್ಲ.

ತಿದ್ದಿಕೊಳ್ಳಲು ಹೆಜ್ಜೆಯ ಲಯ ಬದಲಿಸುವುದೇ ಸುಲಭದ ದಾರಿ. ಮಾಮೂಲಿ ವೇಗದಲ್ಲಿ ಬಲಗಾಲು 30 ಸೆಕೆಂಡಿನಲ್ಲಿ ಎಷ್ಟು ಸಲ ಊರುತ್ತದೆಂದು ಎಣಿಸಿ, 4ರಿಂದ ಗುಣಿಸಿ; ನಿಮಿಷಕ್ಕೆ ಎರಡೂ ಕಾಲಿನ ಒಟ್ಟು ಹೆಜ್ಜೆ ಸಿಗುತ್ತದೆ. 160 ಬಂದರೆ 5% ಏರಿಸಿ, ಅಂದರೆ 168. ಲಯಕ್ಕೆ ಟಿಕ್ ಟಿಕ್ ಸದ್ದು ಮಾಡುವ ಮೊಬೈಲಿನ ಮೆಟ್ರೊನೋಮ್ ಆ್ಯಪ್ ಸಾಕು. ಮೊದಲು 1 ನಿಮಿಷದ ತುಣುಕುಗಳಲ್ಲಿ ಮಾಡಿ. ಲಯ ಏರಿಸುವಾಗ ವೇಗವನ್ನೂ ಏರಿಸಿಬಿಡುವವರೇ ಹೆಚ್ಚು. ವೇಗ ಅಷ್ಟೇ ಇರಲಿ, ಹೆಜ್ಜೆ ಮಾತ್ರ ಗಿಡ್ಡವಾಗಲಿ. ನಿಮಿಷಕ್ಕೆ 180 ಹೆಜ್ಜೆ ಇರಬೇಕೆಂಬ ಮಾತು ಕೇಳಿರಬಹುದು; ಎಲ್ಲರಿಗೂ ಅದು ಬೇಕಿಲ್ಲ, ಎತ್ತರ ಮತ್ತು ವೇಗಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ಮೀನಖಂಡ ನೋಯತೊಡಗಿದರೆ ಪಾದದ ಮುಂಭಾಗದ ಮೇಲೆ ಓಡುತ್ತಿದ್ದೀರಾ ಎಂದು ನೋಡಿಕೊಳ್ಳಿ.