ಲೆಕ್ಕ ಗಟ್ಟಿ, ಜನರ ಜೊತೆ ಹೇಗೋ ಏನೋ ಅಂದರು

ಪ್ರಶ್ನೆ: ನಾನು ಸಿಎ, ವಯಸ್ಸು 44. ಬೆಂಗಳೂರಿನ ಕಂಪನಿಯೊಂದರಲ್ಲಿ ಫೈನಾನ್ಸ್ ಕಂಟ್ರೋಲರ್. ಮೂರು ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಗಳಲ್ಲಿ ಸಿಎಫ್‌ಒ, ಅಂದರೆ ಹಣಕಾಸು ಮುಖ್ಯಸ್ಥರ ಹುದ್ದೆಗೆ ಸಂದರ್ಶನ ಕೊಟ್ಟೆ. ಮೂರೂ ಕೊನೆಯ ಸುತ್ತಿನಲ್ಲಿ ಕೈತಪ್ಪಿದವು. ಕಾರಣ ಕೇಳಿದ್ದಕ್ಕೆ ಒಬ್ಬರು 'ಲೆಕ್ಕದಲ್ಲಿ ನೀವು ಗಟ್ಟಿ, ಜನರ ಜೊತೆ ಹೇಗೋ ಏನೋ' ಅಂದರು. ನಾನು ಕಡಿಮೆ ಮಾತಿನವನು. ಈ ವಯಸ್ಸಿನಲ್ಲಿ ಸ್ವಭಾವ ಬದಲಿಸಲು ಆಗುತ್ತಾ?

ಉತ್ತರ: ಸ್ವಭಾವ ಹಾಗೇ ಇರಲಿ ಬಿಡಿ. ಜಾಸ್ತಿ ಮಾತಾಡಿದರೆ ಕೆಲಸ ಸಿಗುತ್ತೆ ಅಂತಲೂ ಇಲ್ಲ. ಕೊನೆಯ ಸುತ್ತಿನಲ್ಲಿ ಎದುರಿಗೆ ಕೂತಿದ್ದವರು ಯಾರು, ನೆನಪಿಸಿಕೊಳ್ಳಿ. ಲಿಸ್ಟೆಡ್ ಕಂಪನಿಯಲ್ಲಿ ಸಿಎಫ್‌ಒ ನೇಮಕಕ್ಕೆ ಆಡಿಟ್ ಕಮಿಟಿ, ಅಂದರೆ ಲೆಕ್ಕಪತ್ರದ ಮೇಲೆ ಕಣ್ಣಿಡುವ ನಿರ್ದೇಶಕರ ಸಮಿತಿ, ಒಪ್ಪಬೇಕು. ಆ ಕಮಿಟಿಯಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ಸ್ವತಂತ್ರ ನಿರ್ದೇಶಕರು, ಅಂದರೆ ಹೊರಗಿನವರು, ದಿನಾ ಆಫೀಸಿಗೆ ಬರುವವರಲ್ಲ. ಒಳಗೆ ಏನಾದರೂ ಎಡವಟ್ಟಾದರೆ, ಎಂಡಿಗೆ ಇಷ್ಟವಿಲ್ಲದಿದ್ದರೂ, ತಡಮಾಡದೆ ತಮಗೆ ಬಂದು ಹೇಳುವ ಮನುಷ್ಯನಾ ಇವರು ಅಂತ ಅವರು ನೋಡುತ್ತಿರುತ್ತಾರೆ.

ಒಂದು ಪ್ರಶ್ನೆ ನಿಮಗೂ ಬಂದಿರಬಹುದು. ಮಾರ್ಚ್ 31ಕ್ಕೆ ಮಾಲು ಇನ್ನೂ ನಮ್ಮ ಗೋಡೌನ್‌ನಲ್ಲೇ ಇದೆ, ಸೇಲ್ಸ್ ಹೆಡ್ ಇದೇ ವರ್ಷದ ಮಾರಾಟಕ್ಕೆ ಸೇರಿಸಿ ಅಂತಾರೆ, ಏನು ಮಾಡ್ತೀರಿ? ನೀವು ಬಹುಶಃ ಇಂಡ್ ಎಎಸ್ 115 (ಆದಾಯ ಯಾವಾಗ ತೋರಿಸಬೇಕು ಅನ್ನುವ ಲೆಕ್ಕದ ನಿಯಮ) ಹೇಳಿ ಸುಮ್ಮನಾಗಿರುತ್ತೀರಿ. ಮಾಲಿನ ಮೇಲಿನ ಹಿಡಿತ ಗಿರಾಕಿಗೆ ದಾಟದೆ ಆದಾಯ ತೋರಿಸುವಂತಿಲ್ಲ, ನಿಜ. ಆದರೆ ಆ ನಿಯಮ ಕೇಳಿದವರಿಗೂ ಗೊತ್ತು ಅಲ್ವಾ? ಸುಮ್ನೆ ಒಂದು ಮೇಲ್ ಹಾಕಿದಿರಾ, ಎದ್ದು ಹೋಗಿ ಎದುರು ಕೂತು ಹೇಳಿದಿರಾ, ಟಾರ್ಗೆಟ್ ತಪ್ಪಿದರೆ ಸೇಲ್ಸ್ ಹೆಡ್‌ನ ಇನ್ಸೆಂಟಿವ್ ಹೋಗುತ್ತೆ ಅನ್ನೋದು ನಿಮ್ಮ ಮನಸ್ಸಿಗೆ ಬಂತಾ, ಏಪ್ರಿಲ್‌ನಲ್ಲಿ ಇಬ್ಬರೂ ಮತ್ತೆ ಮುಖ ಕೊಟ್ಟು ಮಾತಾಡಿದಿರಾ, ಕಮಿಟಿಯವರು ಕೇಳುತ್ತಿರುವುದು ಇದನ್ನು.

ಇಂಥ ಎರಡು ಮೂರು ನಿಜವಾದ ಘಟನೆಗಳನ್ನು ನೆನಪು ಮಾಡಿ ಮನೆಯವರ ಮುಂದೆ ಹೇಳಿ ನೋಡಿ. ಅಕೌಂಟ್ಸ್ ಗೊತ್ತಿಲ್ಲದವರಿಗೂ ಅರ್ಥವಾಗಬೇಕು. ಒಂದರಲ್ಲಾದರೂ ತಪ್ಪು ನಿಮ್ಮದೇ ಆಗಿರಲಿ, ಅದನ್ನು ಮುಚ್ಚಬೇಡಿ. ಈಗಿನ ಬಾಸ್‌ನ ಬಗ್ಗೆ ಮಾತ್ರ ಅಪ್ಪಿತಪ್ಪಿಯೂ ಹಗುರವಾಗಿ ಮಾತಾಡಬೇಡಿ, ನಾಳೆ ನಮ್ಮ ಬಗ್ಗೆಯೂ ಹೀಗೇ ಅಂದುಕೊಳ್ಳುತ್ತಾರೆ.

ನೀವೂ ಒಂದು ಪ್ರಶ್ನೆ ಕೇಳಿ. ಮೀಟಿಂಗ್ ಬಿಟ್ಟು ಬೇರೆ ಸಮಯದಲ್ಲಿ ಸಿಎಫ್‌ಒ ನೇರವಾಗಿ ಕಮಿಟಿ ಅಧ್ಯಕ್ಷರಿಗೆ ಫೋನ್ ಮಾಡಬಹುದಾ ಅಂತ. ಮುಖ ಸಿಂಡರಿಸಿದರೆ ಆ ಕೆಲಸವನ್ನು ನೀವೇ ಬಿಡಿ. ಯಾಕಂದರೆ 2013ರ ಕಂಪನಿ ಕಾಯ್ದೆ ಪ್ರಕಾರ ಬ್ಯಾಲೆನ್ಸ್ ಶೀಟ್ ಮೇಲೆ ನಿಮ್ಮ ಸಹಿಯೂ ಬೀಳುತ್ತೆ.