ಗೋಡೆ ಮುಚ್ಚುವ ಮುಂಚೆ ಕೇಳಿದ್ದು ಒಳ್ಳೆಯದಾಯ್ತು

ಬಚ್ಚಲುಮನೆ ರಿಪೇರಿ ಬಗ್ಗೆ ಬಂದ ಪತ್ರಗಳು ಜಾಸ್ತಿಯಾಗಿ ಮೇಜಿನ ಮೇಲೆ ಜಾಗವಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ನಮ್ಮದು ಮೂವತ್ತು ವರ್ಷದ ಹಳೇ ಮನೆ. ಬಚ್ಚಲುಮನೆ ಒಡೆದು ಹೊಸದು ಮಾಡಿಸುತ್ತಿದ್ದೇವೆ. ಕೂಲಿ ಕೇಳಿದರೆ ತಲೆ ತಿರುಗುತ್ತದೆ. ಡ್ರಿಲ್, ಸ್ಪ್ಯಾನರ್ ಹಿಡಿದು ನನಗೆ ಅಭ್ಯಾಸ ಇದೆ. ಯಾವ ಕೆಲಸ ನಾನೇ ಮಾಡಿಕೊಳ್ಳಬಹುದು?
— ಓದುಗರು, ಶಿವಮೊಗ್ಗ

ತಪ್ಪಾದರೆ ಕಣ್ಣಿಗೆ ಕಾಣುವ, ಸ್ಪ್ಯಾನರ್ ಹಾಕಿ ಬಿಚ್ಚಿ ಮತ್ತೆ ಕೂರಿಸಬಹುದಾದ ಕೆಲಸ ನಿಮ್ಮದು. ಟೈಲ್ಸ್ ಹಿಂದೆ ಅಡಗುವುದೆಲ್ಲ ಪ್ಲಂಬರಿನದು. ವೈರಿಂಗ್ ಮಾತ್ರ ಲೈಸೆನ್ಸ್ ಇರುವವರದು, ಅದರಲ್ಲಿ ಚೌಕಾಸಿ ಬೇಡ.

ಹಾಗೆ ನೋಡಿದರೆ ನಿಮ್ಮ ಪಾಲಿಗೆ ಬರುವ ಕೆಲಸ ಕಡಿಮೆಯೇನಲ್ಲ. ಹಳೇ ಟೈಲ್ಸ್ ಒಡೆಯುವುದು, ಆಂಗಲ್ ಕಾಕ್, ನಲ್ಲಿ, ಶವರ್, ಹೆಲ್ತ್ ಫಾಸೆಟ್ ಕೂರಿಸುವುದು, ಬೇಸಿನ್ ಕೆಳಗಿನ ಪೈಪು, ಕನ್ನಡಿ, ಕೊನೆಗೆ ಗ್ರೌಟ್ ತುಂಬುವುದು, ಇಷ್ಟರಲ್ಲೇ ಎರಡು ಮೂರು ದಿನದ ಕೂಲಿ ಉಳಿಯುತ್ತದೆ. ಒಡೆಯುವ ಮುಂಚೆ ಆ ಕೋಣೆಗೆ ಬರುವ ಕರೆಂಟನ್ನು ಡಿಬಿಯಲ್ಲೇ (ಮನೆಯ ಮುಖ್ಯ ಸ್ವಿಚ್ಚುಗಳ ಪೆಟ್ಟಿಗೆಯಲ್ಲೇ) ಆಫ್ ಮಾಡಿ, ಡ್ರಿಲ್‌ಗೆ ಬೇರೆ ಕೋಣೆಯಿಂದ ವೈರ್ ಎಳೆದುಕೊಳ್ಳಿ. ಹಳೇ ಮನೆಗಳಲ್ಲಿ ಗೋಡೆಯೊಳಗೆ ವೈರ್ ಎಲ್ಲಿ ಹೋಗಿದೆ ಅನ್ನುವುದು ಹಾಕಿದವನಿಗೂ ನೆನಪಿರುವುದಿಲ್ಲ.

ನಲ್ಲಿಗೆ ಟೆಫ್ಲಾನ್ ಟೇಪ್ ಸುತ್ತುವಾಗ ಥ್ರೆಡ್ಡಿನ ತುದಿಯನ್ನು ನಿಮ್ಮ ಕಡೆಗೆ ಹಿಡಿದು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ಒಳಗೆ ರಬ್ಬರ್ ವಾಷರ್ ಇರುವ ಕನೆಕ್ಷನ್ ಪೈಪಿಗೆ ಟೇಪೇ ಬೇಡ, ಸುಮ್ನೆ ಸುತ್ತಿ ಅದನ್ನೂ ಸೋರುವಂತೆ ಮಾಡುವವರೇ ಜಾಸ್ತಿ. ಇನ್ನು ಬಿಗಿ ಮಾಡುವ ಭರದಲ್ಲಿ ಗೋಡೆಯೊಳಗಿನ ಎಲ್ಬೋ (ಪೈಪು ತಿರುಗುವ ಕಡೆಯ ಜೋಡಣೆ) ಸೀಳಿಬಿಟ್ಟರೆ ಉಳಿಸಿದ ಕೂಲಿ ಅಲ್ಲಿಗೇ ಹೋಯ್ತು. ಅದಕ್ಕೇ ನಲ್ಲಿ ಕೂರುವ ಕಡೆಯಲ್ಲೆಲ್ಲ ಹಿತ್ತಾಳೆ ಥ್ರೆಡ್ ಇರುವ ಎಲ್ಬೋನೇ ಹಾಕು ಅಂತ ಪ್ಲಂಬರಿಗೆ ಮೊದಲೇ ಹೇಳಿ.

ಎರಡು ತಿಂಗಳ ಹಿಂದೆ ತುಕ್ಕು ಹಿಡಿದ ಜಿಐ (ಕಬ್ಬಿಣದ) ಪೈಪು ತೆಗೆಸಿ ಸಿಪಿವಿಸಿ (ಬಿಸಿನೀರಿಗೂ ಆಗುವ ಪ್ಲಾಸ್ಟಿಕ್) ಹಾಕಿಸಿದೆವು. ಆಗಿನಿಂದ ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಗೀಸರ್ ಹಳೆಯದೇ, ಮೊದಲು ಹೀಗಿರಲಿಲ್ಲ. ಪ್ಲಂಬರ್ ತನ್ನ ತಪ್ಪೇನಿಲ್ಲ ಅನ್ನುತ್ತಾನೆ. ಸದ್ಯಕ್ಕೆ ರಬ್ಬರ್ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುತ್ತಿದ್ದೇವೆ.
— ಓದುಗರು, ತುಮಕೂರು

ಪತ್ರಿಕೆ ಪಕ್ಕಕ್ಕಿಟ್ಟು ಮೊದಲು ಡಿಬಿಯಲ್ಲಿ ಗೀಸರಿನ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇಳಿಸಿ ಬನ್ನಿ. ಗೋಡೆಯ ಸ್ವಿಚ್ ಸಾಲದು. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಚಪ್ಪಲಿಯನ್ನು ನಂಬಿ ಸ್ನಾನ ಮಾಡುವ ವಿಷಯ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ, ನಿಜ ಹೇಳುತ್ತೇನೆ.

ಏನಾಗಿರಬಹುದು ಅಂದರೆ, ಬೋರ್‌ವೆಲ್‌ನ ಗಡಸು ನೀರಿಗೆ ಗೀಸರಿನೊಳಗಿನ ಎಲಿಮೆಂಟ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಅದರ ಹೊರಕವಚ ಬಿರುಕು ಬಿಡುತ್ತದೆ, ಅಲ್ಲಿಂದ ಕರೆಂಟ್ ನೀರಿಗೂ ಟ್ಯಾಂಕಿಗೂ ಸೋರುತ್ತದೆ. ಅರ್ತಿಂಗ್ ಸರಿಯಿದ್ದರೆ ಆ ಕರೆಂಟು ನೆಲಕ್ಕೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಬಹುಶಃ ಗೀಸರಿನ ಅರ್ತ್ ವೈರ್ ಎಂದೋ ಕಿತ್ತುಹೋಗಿತ್ತು, ಅಥವಾ ಮೊದಲಿನಿಂದ ಇರಲೇ ಇಲ್ಲ. ಆದರೂ ಶಾಕ್ ಹೊಡೆಯಲಿಲ್ಲ, ಯಾಕೆಂದರೆ ಕಬ್ಬಿಣದ ಪೈಪು ಗೋಡೆಯೊಳಗಿಂದ ನೆಲಕ್ಕಿಳಿದು ಅರ್ತಿಂಗಿನ ಕೆಲಸವನ್ನೂ ಮಾಡುತ್ತಿತ್ತು. ಕೆಲವು ಹಳೇ ಮನೆಗಳಲ್ಲಿ ಅರ್ತ್ ವೈರನ್ನು ಬೇಕೆಂದೇ ನೀರಿನ ಪೈಪಿಗೆ ಸುತ್ತಿಟ್ಟಿದ್ದನ್ನೂ ನೋಡಿದ್ದೇನೆ. ನೀವು ಕಬ್ಬಿಣ ತೆಗೆದು ಪ್ಲಾಸ್ಟಿಕ್ ಹಾಕಿದಿರಿ, ದಾರಿ ಮುಚ್ಚಿಹೋಯ್ತು. ಈಗ ಆ ಕರೆಂಟಿಗೆ ನೀರು, ನಲ್ಲಿ, ನಿಮ್ಮ ಕೈ ಇಷ್ಟೇ ದಾರಿ. ಪ್ಲಂಬರ್ ಹೇಳಿದ್ದರಲ್ಲಿ ಸುಳ್ಳಿಲ್ಲ, ಪೈಪು ಅವನು ಸರಿಯಾಗಿಯೇ ಹಾಕಿದ್ದಾನೆ. ಜಿಐ ತೆಗೆಸುವ ದಿನ ಎಲೆಕ್ಟ್ರಿಷಿಯನ್ನನ್ನೂ ಕರೆಸಬೇಕು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ, ಅಷ್ಟೇ.

ಬರುವವರಿಗೆ ಇಷ್ಟು ಹೇಳಿ. ಅರ್ತ್ ಗುಂಡಿಯಿಂದ ಗೀಸರಿನ ಸಾಕೆಟ್ ತನಕ ಅರ್ತ್ ವೈರ್ ಎಲ್ಲೂ ಕಡಿಯದೆ ಬಂದಿದೆಯಾ ಅಂತ ಮೀಟರ್ ಹಿಡಿದು ನೋಡಬೇಕು, ಟೆಸ್ಟರ್ ಸ್ಕ್ರೂಡ್ರೈವರಿನ ದೀಪ ನೋಡಿ "ಎಲ್ಲಾ ಸರಿ ಇದೆ ಸಾರ್" ಅಂದರೆ ಒಪ್ಪಬೇಡಿ. ಎಲಿಮೆಂಟ್ ಬದಲಿಸುವಾಗ ಒಳಗಿನ ಮೆಗ್ನೀಷಿಯಂ ರಾಡನ್ನೂ ನೋಡಲಿ, ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಗೀಸರಿಗೆ ಡಿಬಿಯಿಂದಲೇ ಬೇರೆ ಲೈನ್ ಇರಬೇಕು, ಬಚ್ಚಲಿನ ಹೊರಗೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ ಇರಬೇಕು. 2 ಕಿಲೋವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪ್ ಎಳೆಯುತ್ತದೆ, 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಆದರೆ 13. ಅದನ್ನು ಲೈಟಿನ ವೈರಿನಿಂದ ಎಳೆದಿದ್ದರೆ ತೆಗೆಸಿ. 4 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿಸಿದರೆ ಯೋಚನೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್. ಎಂಸಿಬಿ ಇದೆಯಲ್ಲ ಅನ್ನಬೇಡಿ. ಎಂಸಿಬಿ ಕಾಯುವುದು ವೈರನ್ನು, ನಿಮ್ಮನ್ನಲ್ಲ. 16 ಆಂಪಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಜಾಸ್ತಿ ಹರಿಯಬೇಕು, ಮನುಷ್ಯನ ಜೀವ ಹೋಗಲು ಅದರ ನೂರರಲ್ಲೊಂದು ಪಾಲು ಸಾಕು. ಆರ್‌ಸಿಸಿಬಿ ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತೂಗಿ ನೋಡುತ್ತದೆ, ನಡುವೆ ಎಲ್ಲೋ ಸೋರಿದೆ ಅಂತ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಹಾಗಂತ ಆರ್‌ಸಿಸಿಬಿ ಹಾಕಿಸಿ ಅರ್ತಿಂಗ್ ಬಿಡುವ ಹಾಗಿಲ್ಲ. ಅರ್ತಿಂಗ್ ಇದ್ದರೆ ಗೀಸರ್ ಸೋರಿದ ಕೂಡಲೇ ಅದು ಬೀಳುತ್ತದೆ, ಇಲ್ಲದಿದ್ದರೆ ನೀವು ಮುಟ್ಟಿದ ಮೇಲೆಯೇ. ಅದರ ಮೇಲೆ ಟೆಸ್ಟ್ ಅನ್ನುವ ಗುಂಡಿ ಇರುತ್ತದೆ, ಆಗಾಗ ಒತ್ತಿ ನೋಡಿ.

ನಾಳೆ ಟೈಲ್ಸಿನವರು ಬರುತ್ತಾರೆ. ಹೊಸ ಪೈಪಿಗೆ ಪ್ರೆಶರ್ ಟೆಸ್ಟ್ ಬೇಡವಾ ಅಂದರೆ ಪ್ಲಂಬರ್, "ಮೇಲಿನ ಟ್ಯಾಂಕಿನ ನೀರು ಬಿಟ್ಟು ನೋಡೇನಿ, ಒಂದ್ ಹನಿ ಸೋರಿಲ್ಲ" ಅನ್ನುತ್ತಿದ್ದಾನೆ. ಸಾಕಾ?
— ಓದುಗರು, ಹುಬ್ಬಳ್ಳಿ

ಸಾಲದು. ಈ ಪುಟ ನಿಮ್ಮ ಕೈಗೆ ಬರುವ ಹೊತ್ತಿಗೆ ಟೈಲ್ಸ್ ಕೂತಾಗಿರುತ್ತದೆ, ಅದಕ್ಕೇ ನಿಮಗೆ ಅವತ್ತೇ ಫೋನಿನಲ್ಲಿ ಹೇಳಿದ್ದೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನೀರು 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು ಒಂದು ಕೆಜಿ ಪ್ರೆಶರ್, ಅಂದರೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಭಾರ. ನಿಮ್ಮ ಟ್ಯಾಂಕು ನಲ್ಲಿಯಿಂದ 4 ಮೀಟರ್ ಮೇಲಿದ್ದರೆ ಅರ್ಧ ಕೆಜಿಯೂ ಬರುವುದಿಲ್ಲ. ಅಷ್ಟಕ್ಕೆ ಸೋರದ ಜಾಯಿಂಟು, ನಾಳೆ ಶವರ್ ಜೋರಾಗಿ ಬರಲಿ ಅಂತ ಪ್ರೆಶರ್ ಪಂಪ್ ಕೂರಿಸಿದ ದಿನ ಸೋರುತ್ತದೆ. ಪೈಪಿನ ಎಲ್ಲಾ ಬಾಯಿಗೆ ಡಮ್ಮಿ (ಮುಚ್ಚಳ) ಹಾಕಿ, ಗೀಸರ್ ಜೋಡಿಸದೆ, ಕೈಪಂಪಿನಲ್ಲಿ 5–6 ಕೆಜಿ ಏರಿಸಿ, ಒಂದೆರಡು ಗಂಟೆ ಪ್ರೆಶರ್ ಮೀಟರಿನ ಮುಳ್ಳು ಇಳಿಯುತ್ತದಾ ನೋಡಬೇಕು. ಪೈಪಿನೊಳಗಿನ ಗಾಳಿ ಪೂರ್ತಿ ಬಿಟ್ಟ ಮೇಲೆ. ಜಾಯಿಂಟಿಗೆ ಸೊಲ್ಯೂಷನ್ (ಪೈಪಿನ ಅಂಟು) ಹಚ್ಚಿದ ದಿನವೇ ಈ ಟೆಸ್ಟ್ ಬೇಡ, ಒಂದು ರಾತ್ರಿ ಒಣಗಲಿ. ಸಿಪಿವಿಸಿಗೆ ಸಿಪಿವಿಸಿಯದೇ ಸೊಲ್ಯೂಷನ್. ಬಿಳಿ ಯುಪಿವಿಸಿ ಪೈಪನ್ನು ಬಿಸಿನೀರಿಗೆ ಹಾಕಲೇಬೇಡಿ, ಮೆತ್ತಗಾಗುತ್ತದೆ.

ಆಮೇಲೆ ಗೋಡೆಗೆ ಟೇಪ್ ಹಿಡಿದು ಅಳತೆ ಕಾಣುವ ಹಾಗೆ ನಾಲ್ಕೂ ಗೋಡೆಯ ಫೋಟೋ ತೆಗೆದಿಡಿ. ನಾನು ತೆಗೆದಿರಲಿಲ್ಲ. ಗೃಹಿಣಿಯ ಎದುರು ಶೂರನಾಗಲು ಹೋಗಿ ಟವೆಲ್ ರಾಡಿಗೆ ತೂತು ಕೊರೆದೆ, ಸರಿಯಾಗಿ ಬಿಸಿನೀರಿನ ಪೈಪಿನ ನಡುವಿಗೇ. ಮೂರು ಹೊಸ ಟೈಲ್ಸ್ ಒಡೆಸಿದ್ದಾಯ್ತು, ಅದೇ ಬಣ್ಣ ಮತ್ತೆ ಸಿಗಲಿಲ್ಲ. ಇವತ್ತಿಗೂ ಬಂದ ನೆಂಟರಿಗೆಲ್ಲ ಆ ಮೂರು ಟೈಲ್ಸ್ ತೋರಿಸಲಾಗುತ್ತದೆ.

ನಮ್ಮದು ಅಪಾರ್ಟ್‌ಮೆಂಟ್. ಹೋದ ವರ್ಷ ಬಚ್ಚಲುಮನೆ ಹೊಸದು ಮಾಡಿಸಿದೆವು. ಈಗ ಕೆಳಗಿನ ಮನೆಯ ಸೀಲಿಂಗ್ ಒದ್ದೆ. ಪ್ರೆಶರ್ ಟೆಸ್ಟ್ ಮಾಡಿಸಿದರೆ ಪೈಪು ಚೆನ್ನಾಗಿಯೇ ಇದೆ. ಇನ್ನೆಲ್ಲಿ ತಪ್ಪು?
— ಓದುಗರು, ಬೆಂಗಳೂರು

ಹಾಗಾದರೆ ನೆಲ ಅಥವಾ ಡ್ರೈನ್. ಡ್ರೈನಿನ ಬಾಯಿಗೆ ಬಟ್ಟೆ ಬಿಗಿದು ನೆಲದಲ್ಲಿ ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಡಿ, ಕೆಳಗಿನವರಿಗೆ ಮೊದಲೇ ಹೇಳಿ. ಒದ್ದೆ ಜಾಸ್ತಿಯಾದರೆ ವಾಟರ್‌ಪ್ರೂಫಿಂಗ್ ಕೈಕೊಟ್ಟಿದೆ. ಆಗದಿದ್ದರೆ ಬಟ್ಟೆ ತೆಗೆದು ನಾಲ್ಕು ಬಕೆಟ್ ಸುರಿಯಿರಿ, ಆಗ ಒದ್ದೆಯಾದರೆ ಟ್ರಾಪ್ (ಡ್ರೈನಿನ ಬಾಯಿಯ ಕೆಳಗೆ ನೀರು ನಿಲ್ಲುವ ಬಟ್ಟಲು) ಮತ್ತು ಪೈಪಿನ ಜಾಯಿಂಟಿನ ಕಡೆ ನೋಡಬೇಕು. ಈ ಪರೀಕ್ಷೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸಿಗೆ ಮುಂಚೆ ಆಗಬೇಕಿತ್ತು. ಬಚ್ಚಲಿನ ಸ್ಲ್ಯಾಬ್ ತಗ್ಗಿಸಿ ಇಟ್ಟಿಗೆ ಚೂರು ತುಂಬಿದ್ದರೆ ಇನ್ನೊಂದು ತಲೆನೋವು, ಚೂರು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಂಡು ವಾರಗಟ್ಟಲೆ ಬಿಡುತ್ತಿರುತ್ತದೆ. ಸೋರಿಕೆ ನಿಲ್ಲಿಸಿದ ಮರುದಿನವೇ ಕೆಳಗಿನವರ ಸೀಲಿಂಗ್ ಒಣಗಲಿಲ್ಲ ಅಂತ ಗಾಬರಿಯಾಗಬೇಡಿ.

ಅತಿಥಿಗಳ ಬಚ್ಚಲುಮನೆ ಹೊಸದು. ಬಳಸುವುದೇ ಇಲ್ಲ, ಆದರೂ ಚರಂಡಿ ವಾಸನೆ!
— ಓದುಗರು, ಮೈಸೂರು

ಬಳಸದಿರುವುದೇ ಕಾರಣ. ಬಚ್ಚಲಿನ ನೆಲದ ನಹಾನಿ ಟ್ರಾಪಿನಲ್ಲಿ ಎರಡು ಇಂಚಿನಷ್ಟು ನೀರು ನಿಂತು ವಾಸನೆಗೆ ಅಡ್ಡ ಇರುತ್ತದೆ, ಅದು ಆರಿಹೋಗಿದೆ. ವಾರಕ್ಕೊಂದು ಚೊಂಬು ನೀರು ಹಾಕಿ. ಅದಕ್ಕೂ ಹೋಗದಿದ್ದರೆ ಅಲ್ಲಿ ಟ್ರಾಪೇ ಹಾಕಿಲ್ಲ ಅಂತ ಅನುಮಾನ ಪಡಿ.

ಕಮೋಡ್ ಆಫರಿನಲ್ಲಿದೆ, ಈಗಲೇ ತಂದಿಟ್ಟುಕೊಳ್ಳಲೇ?
— ಓದುಗರು, ಹಾಸನ

ಟೇಪ್ ಹಿಡಿಯದೆ ತರಬೇಡಿ. ಪೈಪು ನೆಲದೊಳಗೆ ಹೋಗುತ್ತದಾ, ಗೋಡೆಯೊಳಗಾ ನೋಡಿ. ನೆಲಕ್ಕಾದರೆ ಗೋಡೆಯಿಂದ ಪೈಪಿನ ನಡುವಿನ ತನಕ ಎಷ್ಟಿದೆ ಅಳೆಯಿರಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 9 ಇಂಚಿನದು, 12 ಇಂಚಿನದು. ಇದು ಟೈಲ್ಸ್ ಕೂತ ಮೇಲಿನ ಗೋಡೆಯಿಂದ ಅಳೆಯುವ ಲೆಕ್ಕ. ಈಗ ಗೋಡೆ ಬರಿ ಇಟ್ಟಿಗೆಯಾಗಿದ್ದರೆ ಗಾರೆ, ಟೈಲ್ಸ್ ಸೇರಿ ಇನ್ನೂ ಒಂದು ಒಂದೂವರೆ ಇಂಚು ಮುಂದೆ ಬರುತ್ತದೆ, ಅದನ್ನು ಕಳೆದು ನೋಡಿ. ಆಫರಿನಲ್ಲಿ ತಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಅಂಗಡಿಯಲ್ಲಿ ಬಿಲ್ ಮೇಲೇ ಬರೆಸಿಕೊಳ್ಳಿ.