ಹಸಿರು ಕ್ವಾಂಟಂ ಡಾಟ್‌ನ ಬಣ್ಣ ಹರಡಿಕೊಂಡಿದ್ದರೆ ಮೊದಲು ಕೋರ್ ನೋಡಿ

ಪ್ರಶ್ನೆ: ಪ್ರಾಜೆಕ್ಟಿಗಾಗಿ ಇಂಡಿಯಂ ಫಾಸ್ಫೈಡ್ ಕ್ವಾಂಟಂ ಡಾಟ್ ಮಾಡುತ್ತಿದ್ದೇನೆ, ಅಂದರೆ ಚಿಕ್ಕದಾದಷ್ಟೂ ನೀಲಿಯ ಕಡೆ, ದೊಡ್ಡದಾದಷ್ಟೂ ಕೆಂಪಿನ ಕಡೆ ಬೆಳಗುವ ನ್ಯಾನೋ ಗಾತ್ರದ ಹರಳುಗಳು. ಹಸಿರು ಬೆಳಕು ಬರುತ್ತದೆ, ಪೀಕ್ 530 ನ್ಯಾನೋಮೀಟರ್ ಹತ್ತಿರ. ಆದರೆ ಅರ್ಧ ಎತ್ತರದಲ್ಲಿ ಅಗಲ 50 ನ್ಯಾನೋಮೀಟರ್ ಇದೆ, ಜೊತೆಗೆ ಕೆಂಪಿನ ಕಡೆ ಉದ್ದನೆಯ ಬಾಲ. ಕೋರ್ ಎಂಬ ಒಳಗಿನ ಹರಳಿನ ಸುತ್ತ ಇರುವ ಶೆಲ್, ಅಂದರೆ ಹೊದಿಕೆ, ದಪ್ಪ ಮಾಡಿದೆ. ಹೊಳಪು ಜಾಸ್ತಿ ಆಯ್ತು, ಅಗಲ ಮಾತ್ರ ಹಾಗೇ ಇದೆ. ಏನು ಮಾಡಲಿ?

ಉತ್ತರ: ಹೊಳಪು ಜಾಸ್ತಿ ಆಯ್ತು ಅಂದರೆ ಶೆಲ್ ತನ್ನ ಕೆಲಸ ಮಾಡಿದೆ. ಕೋರ್‌ಗಳು ಒಂದೊಂದು ಒಂದೊಂದು ಗಾತ್ರದಲ್ಲಿದ್ದರೆ ಅದನ್ನು ಶೆಲ್ ಸರಿ ಮಾಡುವುದು ಅಪರೂಪ. ಹಾಗಾಗಿ ಶೆಲ್ ಹಿಂದೆ ಬೀಳುವುದನ್ನು ಸದ್ಯಕ್ಕೆ ಬಿಡಿ.

ಬಣ್ಣ ಹರಡೋದಕ್ಕೆ ಮೂರು ಬೇರೆ ಬೇರೆ ಕಾರಣ ಇರುತ್ತವೆ, ಎಲ್ಲವೂ ಒಂದೇ ಗ್ರಾಫಿನಲ್ಲಿ ಬೆರೆತು ಕಾಣುತ್ತವೆ. ಕಣಗಳ ಗಾತ್ರದಲ್ಲಿ ವ್ಯತ್ಯಾಸ ಒಂದು. ಹರಳಿನ ಕಂಪನದಿಂದಾಗಿ ಪ್ರತಿ ಕಣಕ್ಕೂ ತನ್ನದೇ ಆದ ಅಗಲ ಇರೋದು ಇನ್ನೊಂದು. ಮೇಲ್ಮೈಯಲ್ಲಿರುವ ದೋಷಗಳಿಂದ ಬರುವ ಮಸುಕು ಬೆಳಕು ಮೂರನೆಯದು. ನಿಮ್ಮ ಕೆಂಪು ಬಾಲ ಹೆಚ್ಚಾಗಿ ಈ ಮೂರನೆಯದರಿಂದ ಬಂದಿದ್ದು. ಅಗಲ ಮೊದಲನೆಯದರಿಂದ ಅಂತ ನನ್ನ ಅಂದಾಜು. ಆದರೆ ಅಂದಾಜು ಸಾಕಾಗಲ್ಲ, ಪರೀಕ್ಷೆ ಮಾಡಿಯೇ ನೋಡಬೇಕು.

ಅದಕ್ಕೆ ದುಬಾರಿ ಉಪಕರಣ ಏನೂ ಬೇಡ. ಮೊದಲು ಕೋರ್‌ನ ಅಬ್ಸಾರ್ಪ್ಷನ್ ಗ್ರಾಫ್ (ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಅನ್ನೋದು) ತೆಗೆಯಿರಿ. ಮೊದಲ ಪೀಕಿನ ಪಕ್ಕದ ತಗ್ಗು ಆಳವಾಗಿದ್ದರೆ ಗಾತ್ರಗಳು ಹತ್ತಿರ ಹತ್ತಿರ ಇವೆ. ಪೀಕೇ ಕಾಣದೆ ಬರೀ ಇಳಿಜಾರಿನ ಥರ ಇದ್ದರೆ ತೊಂದರೆ ಶೆಲ್ ಹಾಕುವ ಮುಂಚೆಯೇ ಶುರುವಾಗಿದೆ ಅಂತ ಅರ್ಥ. ಆಮೇಲೆ ಸ್ಯಾಂಪಲ್ಲನ್ನು ಚೆನ್ನಾಗಿ ತೆಳು ಮಾಡಿ, ಅಬ್ಸಾರ್ಬೆನ್ಸ್ (ಬೆಳಕು ಹೀರುವ ಅಳತೆ) 0.1ಕ್ಕಿಂತ ಕಡಿಮೆ ಇರಲಿ, ಇಲ್ಲದಿದ್ದರೆ ಕಣಗಳು ತಮ್ಮ ಬೆಳಕನ್ನೇ ಮತ್ತೆ ಹೀರಿಕೊಂಡು ಪೀಕು ಕೆಂಪಿನ ಕಡೆ ಜರುಗಿದ ಹಾಗೆ ತೋರಿಸುತ್ತದೆ. ಈಗ 400 ನ್ಯಾನೋಮೀಟರ್ ಬೆಳಕು ಹಾಕಿ ಒಂದು ಸ್ಪೆಕ್ಟ್ರಮ್ ತೆಗೆಯಿರಿ, 510ರ ಹತ್ತಿರದ ಬೆಳಕು ಹಾಕಿ ಇನ್ನೊಂದು. 510ರ ಬೆಳಕನ್ನು ಹೆಚ್ಚಾಗಿ ದೊಡ್ಡ ಕಣಗಳೇ ಹೀರುತ್ತವೆ. ಎರಡನೆಯದರಲ್ಲಿ ಪೀಕು ಕೆಂಪಿಗೆ ಜರುಗಿ ಕಿರಿದಾದರೆ ಗಾತ್ರದ ಹರಡುವಿಕೆಯೇ ಕಾರಣ, ಅನುಮಾನ ಬೇಡ. ಎರಡೂ ಹೆಚ್ಚುಕಡಿಮೆ ಒಂದೇ ಥರ ಬಂದರೆ ಪ್ರತಿ ಕಣದ ಒಳಗೇ ಹುಡುಕಬೇಕು.

ಇಂಡಿಯಂ ಫಾಸ್ಫೈಡ್‌ನಲ್ಲಿ ಗಾತ್ರ ಹಿಡಿತಕ್ಕೆ ಸಿಗದಿರಲು ಮುಖ್ಯ ಕಾರಣ ರಂಜಕದ ಅವಸರ. ರಂಜಕ ಒದಗಿಸುವ ಟ್ರಿಸ್ ಟ್ರೈಮೀಥೈಲ್‌ಸಿಲೈಲ್ ಫಾಸ್ಫೀನ್ ಹಾಕಿದ ತಕ್ಷಣ ಬಹುತೇಕ ಖರ್ಚಾಗಿಬಿಡುತ್ತದೆ, ಬೆಳೆಯುವುದಕ್ಕೆ ಏನೂ ಉಳಿಯಲ್ಲ. ಆಮೇಲೆ ಚಿಕ್ಕ ಕಣ ಕರಗಿ ದೊಡ್ಡದು ಇನ್ನೂ ದೊಡ್ಡದಾಗುತ್ತದೆ, ಅಂತರ ಹೆಚ್ಚುತ್ತಾ ಹೋಗುತ್ತದೆ. ಆದ್ದರಿಂದ ಪಾತ್ರೆಯನ್ನು ಸುಮ್ನೆ ಬಿಸಿಯಲ್ಲೇ ಹಿಡಿದಿಟ್ಟುಕೊಂಡರೆ ಕೆಲಸ ಕೆಡುತ್ತದೆ. ರಂಜಕವನ್ನು ಒಂದೇ ಸಲ ಸುರಿಯದೆ, ಒಂದು ಭಾಗ ಮೊದಲು ಕೊಟ್ಟು ಉಳಿದದ್ದನ್ನು ಪಂಪಿನಿಂದ ನಿಧಾನವಾಗಿ ಬಿಡಿ. ಅಷ್ಟಾದ ಮೇಲೂ ಹರಡಿದ್ದರೆ ಎಥನಾಲ್ ಅಥವಾ ಅಸಿಟೋನ್ ಹನಿ ಹನಿಯಾಗಿ ಹಾಕಿ ಸೆಂಟ್ರಿಫ್ಯೂಜ್ ಮಾಡಿ. ದೊಡ್ಡ ಕಣಗಳು ಮೊದಲು ತಳಕ್ಕಿಳಿಯುತ್ತವೆ, ಗಾತ್ರಕ್ಕೆ ತಕ್ಕ ಹಾಗೆ ಬೇರೆ ಮಾಡಿಕೊಳ್ಳಬಹುದು. ವಸ್ತು ನಷ್ಟವಾಗುತ್ತದೆ ನಿಜ, ಆದರೆ ಕಾರಣ ಖಚಿತ ಮಾಡಿಕೊಳ್ಳಲು ಇಷ್ಟು ನೇರವಾದ ದಾರಿ ಮತ್ತೊಂದಿಲ್ಲ.

ಬಾಲದ ವಿಷಯಕ್ಕೆ ಬಂದರೆ, ಇಂಡಿಯಂ ಅಸಿಟೇಟ್ ಬಳಸುತ್ತಿದ್ದರೆ ವ್ಯಾಕ್ಯೂಮ್ ಹಂತದಲ್ಲಿ ಆತುರ ಬೇಡ. ಸುಮಾರು 120 ಡಿಗ್ರಿಯಲ್ಲಿ ಗುಳ್ಳೆ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಅಸಿಟಿಕ್ ಆಮ್ಲ, ನೀರು ಉಳಿದರೆ ಕೋರ್ ಮೇಲೆ ಆಕ್ಸೈಡ್ ಕೂರುತ್ತದೆ, ಅದರ ಮೇಲೆ ಎಷ್ಟು ಶೆಲ್ ಹಾಕಿದರೂ ದೋಷ ಒಳಗೇ ಉಳಿಯುತ್ತದೆ. ಆಕ್ಸೈಡ್ ತೆಗೆಯಲು ಹೈಡ್ರೋಫ್ಲೋರಿಕ್ ಆಮ್ಲ ಬಳಸುತ್ತಾರೆ. 2019ರಲ್ಲಿ ಸ್ಯಾಮ್‌ಸಂಗ್ ಸಂಶೋಧಕರು ಹೀಗೆ ಮಾಡಿಯೇ ಕೆಂಪು ಡಾಟ್‌ನಲ್ಲಿ 35 ನ್ಯಾನೋಮೀಟರ್ ಅಗಲ ಸಾಧಿಸಿದರು. ಅದು ಚರ್ಮದೊಳಗೆ ಇಳಿದು ಜೀವಕ್ಕೇ ಅಪಾಯ ತರುವ ಆಮ್ಲ, ಅನುಭವಿಗಳ ಜೊತೆಗಿಲ್ಲದೆ ದಯವಿಟ್ಟು ಮುಟ್ಟಬೇಡಿ. ಕೋರ್ ಮೇಲೆ ನೇರವಾಗಿ ಜಿಂಕ್ ಸಲ್ಫೈಡ್ ಹಾಕುವುದೂ ಬೇಡ, ಹರಳಿನೊಳಗಿನ ಪರಮಾಣುಗಳ ಅಂತರದಲ್ಲಿ ಸುಮಾರು 8% ವ್ಯತ್ಯಾಸ ಇದೆ. ಮಧ್ಯೆ ಜಿಂಕ್ ಸೆಲೆನೈಡ್ ಬರಲಿ, ಅಲ್ಲಿ ಅದು ಸುಮಾರು 3% ಮಾತ್ರ.

ಇನ್ನೊಂದು ಮಾತು. ಕೆಂಪು ಡಾಟ್‌ನವರ ನ್ಯಾನೋಮೀಟರ್ ಲೆಕ್ಕ ನೋಡಿ ಬೇಜಾರಾಗಬೇಡಿ. ಶಕ್ತಿಯ ಲೆಕ್ಕದಲ್ಲಿ 530ರ ಬಳಿ 50 ನ್ಯಾನೋಮೀಟರ್ ಅಂದರೆ ಸುಮಾರು 220 ಮಿಲಿ ಎಲೆಕ್ಟ್ರಾನ್ ವೋಲ್ಟ್, 630ರ ಬಳಿ ಅದೇ 50 ಅಂದರೆ 156 ಅಷ್ಟೇ. ಯಾವಾಗಲೂ ಶಕ್ತಿಯಲ್ಲೇ ಹೋಲಿಸಿ.

ಪ್ರಶ್ನೆ: ದ್ರಾವಣದಲ್ಲಿ ಶುದ್ಧ ಕೆಂಪು ಬರುತ್ತದೆ. ಅದೇ ಡಾಟ್‌ನಿಂದ ಎಲ್‌ಇಡಿ ಮಾಡಿದಾಗ ವೋಲ್ಟೇಜ್ ಏರಿಸಿದರೆ ನೀಲಿ ಸೇರಿಕೊಳ್ಳುತ್ತದೆ. ಡಾಟ್ ಹಾಳಾಯಿತೇ?

ಉತ್ತರ: ಬಹುಶಃ ಇಲ್ಲ. ಆ ನೀಲಿ ಪಕ್ಕದ ಹೋಲ್ (ಎಲೆಕ್ಟ್ರಾನ್ ಇಲ್ಲದ ಧನ ಆವೇಶದ ಜಾಗ) ಸಾಗಿಸುವ ಪದರದಿಂದ ಬರುತ್ತಿದೆ. ಎಲೆಕ್ಟ್ರಾನ್ ಸಾಗಿಸುವ ಜಿಂಕ್ ಆಕ್ಸೈಡ್ ಪದರದ ಕಡೆಯಿಂದ ಎಲೆಕ್ಟ್ರಾನ್‌ಗಳು ಬೇಗ ನುಗ್ಗುತ್ತವೆ, ಹೋಲ್‌ಗಳು ಹಿಂದೆ ಬೀಳುತ್ತವೆ, ಹೆಚ್ಚಾದ ಎಲೆಕ್ಟ್ರಾನ್ ಡಾಟ್ ಪದರ ದಾಟಿ ಆಚೆ ಹೋಗಿ ಅಲ್ಲಿ ಬೆಳಗುತ್ತದೆ. ಜಿಂಕ್ ಆಕ್ಸೈಡ್‌ಗೆ ಮೆಗ್ನೀಸಿಯಂ ಬೆರೆಸಿ ನೋಡಿ, ಇಲ್ಲವೇ ಡಾಟ್ ಮತ್ತು ಜಿಂಕ್ ಆಕ್ಸೈಡ್ ನಡುವೆ ತೀರಾ ತೆಳುವಾದ ಪಿಎಂಎಂಎ (ವಿದ್ಯುತ್ ಹರಿಸದ ಒಂದು ಪ್ಲಾಸ್ಟಿಕ್) ಪದರ ಕೊಡಿ. ಎಲೆಕ್ಟ್ರಾನ್ ವೇಗ ತಗ್ಗುತ್ತದೆ. ಡಾಟ್ ಪದರದಲ್ಲಿ ತೂತುಗಳಿವೆಯಾ ಅಂತಲೂ ನೋಡಿ, ತೂತಿದ್ದರೆ ಉಳಿದ ಉಪಾಯ ಯಾವುದೂ ನಡೆಯಲ್ಲ.